ಹರಿದ ಭುಜಕ್ಕೆ ಯಾವ ಹೊಲಿಗೆ? ಶಸ್ತ್ರಚಿಕಿತ್ಸೆಯ ವಿಧಾನಗಳ ಒಂದು ಹೋಲಿಕೆ

ಭುಜದೊಳಗೆ ಹರಿದುಹೋದ ಸ್ನಾಯುರಜ್ಜುವನ್ನು ಮತ್ತೆ ಮೂಳೆಗೆ ಜೋಡಿಸಲು ವೈದ್ಯರಿಗೆ ಇಂದು ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ದೊಡ್ಡದಾಗಿ ಕೊಯ್ದು ಮಾಡುವ ತೆರೆದ ಶಸ್ತ್ರಚಿಕಿತ್ಸೆ. ಎರಡು, ಸಣ್ಣ ಕೊಯ್ತದ ಶಸ್ತ್ರಚಿಕಿತ್ಸೆ, ಅಂದರೆ ಮಿನಿ ಓಪನ್. ಮೂರು, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಆರ್ತ್ರೋಸ್ಕೋಪಿ. ಇವುಗಳಲ್ಲಿ ಯಾವುದು ಮೇಲು ಎಂಬುದೇ ಈ ಲೇಖನದ ವಿಷಯ.

ವಾಣಿಜ್ಯ ವಿಭಾಗದವನಿಗೆ ಈ ವಿಷಯ ಏಕೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ನನ್ನ ಅಬ್ಬಾ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಾರೆ. ಅವರ ಬಲ ಭುಜದ ಸ್ನಾಯುರಜ್ಜು ಹರಿದಿದೆ ಎಂದು ಕಳೆದ ವರ್ಷ ಎಂ.ಆರ್.ಐ. ವರದಿ ಬಂತು. ಒಂದು ಆಸ್ಪತ್ರೆಯಲ್ಲಿ ಸಣ್ಣ ಕೊಯ್ತ ಸಾಕು ಎಂದರು. ಇನ್ನೊಂದರಲ್ಲಿ ಆರ್ತ್ರೋಸ್ಕೋಪಿಯೇ ಸರಿ, ಅದರಲ್ಲೂ ಎರಡು ಸಾಲಿನ ಹೊಲಿಗೆ ಹಾಕಿಸಿ ಎಂದರು. ಎರಡೂ ಕಡೆ ಕೊಟ್ಟ ಅಂದಾಜು ಪಟ್ಟಿಗಳ ನಡುವೆ ಅಬ್ಬಾರ ಹಲವು ತಿಂಗಳ ದುಡಿಮೆಯಷ್ಟು ವ್ಯತ್ಯಾಸವಿತ್ತು. ಚಾಚಾ ‘ಹೊಸದೇ ಒಳ್ಳೆಯದು, ಸಾಲ ಮಾಡಿಯಾದರೂ ಮಾಡಿಸೋಣ’ ಎಂದರು. ಅಮ್ಮಿ ‘ಮೊದಲು ತಿಳಿದುಕೊಳ್ಳೋಣ’ ಎಂದರು. ಮನೆಯಲ್ಲಿ ಇಂಗ್ಲಿಷ್ ವರದಿ ಓದಬಲ್ಲವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಚಿತ್ರ ಬರೆದು ವಿವರಿಸಿದರು. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಬಣ್ಣದವರು, ಹಮಾಲರು, ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್‌ಗಳು ನಮ್ಮಲ್ಲಿ ಅನೇಕರ ಮನೆಯಲ್ಲಿದ್ದಾರೆ. ಅವರಿಗೆಲ್ಲ ಇದು ಉಪಯೋಗಕ್ಕೆ ಬರಬಹುದು.

ಭುಜದ ರಚನೆ

ಭುಜವನ್ನು ನಮ್ಮ ಮನೆಯ ಉರ್ದುವಿನಲ್ಲಿ ‘ಕಂಧಾ’ ಎನ್ನುತ್ತೇವೆ. ತೋಳಿನ ಮೂಳೆಯ ದುಂಡನೆಯ ತುದಿ ಹೆಗಲ ಮೂಳೆಯ ಆಳವಿಲ್ಲದ ಕುಳಿಯೊಂದಕ್ಕೆ ಆತುಕೊಂಡಿರುತ್ತದೆ. ಸಾಸರಿನ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ ಎಂದು ಮೇಡಂ ಹೇಳಿದರು. ಕುಳಿ ಆಳವಿಲ್ಲದ ಕಾರಣಕ್ಕೇ ಕೈಯನ್ನು ಎಲ್ಲಾ ದಿಕ್ಕಿಗೂ ತಿರುಗಿಸಬಹುದು. ಆದರೆ ಅದೇ ಕಾರಣಕ್ಕೆ ಆ ಗುಂಡನ್ನು ಜಾಗದಲ್ಲಿ ಹಿಡಿದಿಡಲು ಬೇರೆ ಆಸರೆ ಬೇಕು. ಆ ಆಸರೆ ಕೊಡುವುದು ನಾಲ್ಕು ಸ್ನಾಯುಗಳು: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್. ಇವುಗಳ ತುದಿಯ ಗಟ್ಟಿ ಪಟ್ಟಿಗಳೇ ಸ್ನಾಯುರಜ್ಜುಗಳು. ಅವೆಲ್ಲ ಸೇರಿ ಅಂಗಿಯ ತೋಳಿನ ಪಟ್ಟಿಯಂತೆ ತೋಳಿನ ಮೂಳೆಯ ತುದಿಯನ್ನು ಸುತ್ತಿಕೊಂಡಿರುತ್ತವೆ. ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು.

ಹೆಚ್ಚಾಗಿ ಹರಿಯುವುದು ಮೇಲ್ಭಾಗದ ಸುಪ್ರಾಸ್ಪೈನೇಟಸ್. ಬಿದ್ದಾಗ ಒಮ್ಮೆಲೇ ಹರಿಯಬಹುದು, ಅಥವಾ ವಯಸ್ಸು ಮತ್ತು ಕೆಲಸದ ಸವೆತದಿಂದ ನಿಧಾನವಾಗಿ ಹರಿಯಬಹುದು. ವರ್ಷಗಟ್ಟಲೆ ಕೈಯನ್ನು ತಲೆಯ ಮೇಲೆ ಎತ್ತಿ ಕೆಲಸ ಮಾಡುವವರಲ್ಲಿ ಎರಡನೆಯ ಬಗೆ ಸಾಮಾನ್ಯ. ಕೈ ಎತ್ತುವಾಗ ನೋವು, ಶಕ್ತಿ ಇಲ್ಲದಿರುವುದು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿರುವುದು ಇದರ ಲಕ್ಷಣಗಳು. ಅಬ್ಬಾರಿಗೆ ನಮಾಜಿನಲ್ಲಿ ತಕ್‌ಬೀರಿಗೆ ಕೈ ಎತ್ತುವುದೇ ಕಷ್ಟವಾಗಿತ್ತು.

ಹರಕಿನ ಗಾತ್ರವನ್ನು ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. 1 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಣ್ಣದು, 1ರಿಂದ 3 ಮಧ್ಯಮ, 3ರಿಂದ 5 ದೊಡ್ಡದು, 5ಕ್ಕಿಂತ ಹೆಚ್ಚಾದರೆ ಬೃಹತ್. ಅಬ್ಬಾರದು ಸುಮಾರು 2 ಸೆಂ.ಮೀ. ಮುಂದೆ ಬರುವ ಎಲ್ಲಾ ಹೋಲಿಕೆಗೂ ಈ ಅಳತೆ ಮುಖ್ಯ.

ಲೆಕ್ಕ ಇಟ್ಟ ವೈದ್ಯ

ಈ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ವಾಣಿಜ್ಯ ವಿದ್ಯಾರ್ಥಿಗೆ ಇಷ್ಟವಾಗುವ ಒಬ್ಬರಿದ್ದಾರೆ. ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಅಮೊರಿ ಕಾಡ್‌ಮನ್. ಅವರು 1909ರಲ್ಲಿ ಹರಿದ ಸುಪ್ರಾಸ್ಪೈನೇಟಸ್ ಅನ್ನು ಹೊಲಿದು, 1911ರಲ್ಲಿ ಅದರ ಬಗ್ಗೆ ಬರೆದರು. 1934ರಲ್ಲಿ ಭುಜದ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು.

ಅವರ ಇನ್ನೊಂದು ವಿಚಾರ ಇದಕ್ಕಿಂತಲೂ ದೊಡ್ಡದು. ಚಿಕಿತ್ಸೆ ಪಡೆದ ಪ್ರತಿ ರೋಗಿಯನ್ನೂ ಸಾಕಷ್ಟು ಕಾಲದ ನಂತರ ಮತ್ತೆ ನೋಡಬೇಕು, ಗುಣವಾಯಿತೇ ಎಂದು ಬರೆದಿಡಬೇಕು, ಆಗದಿದ್ದರೆ ಕಾರಣ ಹುಡುಕಬೇಕು, ಆ ಲೆಕ್ಕ ಜನರಿಗೆ ಕಾಣುವಂತಿರಬೇಕು ಎಂದು ಅವರು ವಾದಿಸಿದರು. ತಮ್ಮದೇ ಸಣ್ಣ ಆಸ್ಪತ್ರೆ ತೆರೆದು ಹಾಗೆಯೇ ನಡೆಸಿದರು. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕದಲ್ಲಿ 123 ತಪ್ಪುಗಳನ್ನು ತಾವೇ ಗುರುತಿಸಿ ಅಚ್ಚು ಹಾಕಿಸಿದರು. ಆಗಿನ ಅನೇಕ ವೈದ್ಯರಿಗೆ ಇದು ಹಿಡಿಸಲಿಲ್ಲ. ಲಾಭ ಮಾತ್ರ ತೋರಿಸಿ ನಷ್ಟ ಮುಚ್ಚಿಡುವ ಖಾತೆ ಸುಳ್ಳು ಖಾತೆ ಎಂದು ನಾವು ಲೆಕ್ಕಶಾಸ್ತ್ರದಲ್ಲಿ ಓದುತ್ತೇವೆ. ಅವರು ಆಸ್ಪತ್ರೆಗೆ ಅನ್ವಯಿಸಿದ್ದೂ ಅದೇ ನಿಯಮವನ್ನು.

ಒಳಗೆ ಹೋಗುವ ಮೂರು ದಾರಿಗಳು

ತೆರೆದ ಶಸ್ತ್ರಚಿಕಿತ್ಸೆ: ಭುಜದ ಮೇಲೆ ಉದ್ದವಾಗಿ ಕೊಯ್ದು, ಹೊರಗಿನ ದೊಡ್ಡ ಸ್ನಾಯುವಾದ ಡೆಲ್ಟಾಯ್ಡ್‌ನ ಒಂದು ಭಾಗವನ್ನು ಮೂಳೆಯಿಂದ ಬಿಡಿಸಿ ಒಳಗೆ ಹೋಗುತ್ತಾರೆ. ಹರಿದ ಜಾಗ ನೇರವಾಗಿ ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಆದರೆ ಕೊನೆಗೆ ಡೆಲ್ಟಾಯ್ಡ್ ಅನ್ನೂ ಹೊಲಿಯಬೇಕು. ಕೈ ಎತ್ತುವ ಮುಖ್ಯ ಸ್ನಾಯು ಅದೇ ಆದ್ದರಿಂದ ಆ ಹೊಲಿಗೆ ಕೂಡದಿದ್ದರೆ ತೊಂದರೆ ದೊಡ್ಡದು.

ಸಣ್ಣ ಕೊಯ್ತ: ಇಲ್ಲಿ ಕೊಯ್ತ ಸುಮಾರು 3ರಿಂದ 5 ಸೆಂ.ಮೀ. ಡೆಲ್ಟಾಯ್ಡ್ ಅನ್ನು ಮೂಳೆಯಿಂದ ಬಿಡಿಸುವುದಿಲ್ಲ. ಅದರ ಎಳೆಗಳನ್ನು ಉದ್ದುದ್ದಕ್ಕೆ ಸರಿಸಿ ನಡುವೆ ಜಾಗ ಮಾಡಿಕೊಳ್ಳುತ್ತಾರೆ. ಕೆಲವರು ಮೊದಲು ಕ್ಯಾಮೆರಾದಿಂದ ಒಳಗೆ ನೋಡಿ, ಆಮೇಲೆ ಹೊಲಿಗೆಗೆ ಮಾತ್ರ ಕೊಯ್ಯುತ್ತಾರೆ.

ಆರ್ತ್ರೋಸ್ಕೋಪಿ: ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಕೆಲವು ರಂಧ್ರಗಳು ಸಾಕು. ಒಂದರಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ. ಜಾಗ ಹಿಗ್ಗಲು ಸಲೈನ್ ನೀರು ಹರಿಸುತ್ತಾರೆ. ವೈದ್ಯರು ಪರದೆ ನೋಡಿಕೊಂಡು ಹೊಲಿಯುತ್ತಾರೆ. ಗಾಯ ಸಣ್ಣದು, ಮೊದಲ ಕೆಲವು ವಾರ ನೋವು ಕಡಿಮೆ, ಸೋಂಕಿನ ಭಯವೂ ಕಡಿಮೆ. ಕೀಲಿನ ಎಲ್ಲಾ ಮೂಲೆಗಳನ್ನೂ ನೋಡಬಹುದು. ಆದರೆ ಉಪಕರಣ ದುಬಾರಿ, ವೈದ್ಯರ ಕೈ ಪಳಗಲು ತುಂಬಾ ಅಭ್ಯಾಸ ಬೇಕು.

ಮೂರರಲ್ಲೂ ಒಳಗಿನ ಕೆಲಸ ಒಂದೇ: ಸ್ನಾಯುರಜ್ಜುವಿನ ತುದಿಯನ್ನು ಎಳೆದು ತಂದು, ಮೂಳೆಯ ಮೇಲೆ ಅದರ ಮೊದಲಿನ ಜಾಗಕ್ಕೆ ಒತ್ತಿ ಹಿಡಿಯುವುದು. ಬೇರೆಯಾಗುವುದು ಬಾಗಿಲು ಮಾತ್ರ. ಅಬ್ಬಾರಿಗೆ ನಾನು ಉರ್ದುವಿನಲ್ಲಿ ಹೇಳಿದ್ದೂ ಇಷ್ಟೇ.

ಒಂದು ಸಾಲೋ, ಎರಡು ಸಾಲೋ?

ಬಾಗಿಲು ಆರಿಸಿದ ಮೇಲೆ ಎರಡನೆಯ ಆಯ್ಕೆ ಹೊಲಿಗೆಯದು. ಹಳೆಯ ಪದ್ಧತಿಯಲ್ಲಿ ಮೂಳೆಯಲ್ಲೇ ಸಣ್ಣ ಸುರಂಗ ಕೊರೆದು ಅದರೊಳಗೆ ದಾರ ದಾಟಿಸಿ ಕಟ್ಟುತ್ತಿದ್ದರು. ಈಗ ಹೆಚ್ಚಾಗಿ ಆಂಕರ್ ಬಳಸುತ್ತಾರೆ. ಆಂಕರ್ ಎಂದರೆ ದಾರ ಪೋಣಿಸಿದ ಪುಟ್ಟ ತಿರುಪು. ಅದನ್ನು ಮೂಳೆಯೊಳಗೆ ಕೂರಿಸಿ, ಅದರ ದಾರದಿಂದ ಸ್ನಾಯುರಜ್ಜುವನ್ನು ಬಿಗಿಯುತ್ತಾರೆ. ಲೋಹದ ಆಂಕರ್ ಇದೆ, ಪ್ಲಾಸ್ಟಿಕ್ ಬಗೆಯದೂ ಇದೆ, ಕಾಲಕ್ರಮದಲ್ಲಿ ದೇಹದಲ್ಲೇ ಕರಗುವುದೂ ಇದೆ.

ಆಂಕರುಗಳನ್ನು ಒಂದೇ ಗೆರೆಯಲ್ಲಿ ಕೂರಿಸಿದರೆ ಒಂದು ಸಾಲಿನ ಹೊಲಿಗೆ. ಒಳಗೊಂದು, ಹೊರಗೊಂದು ಗೆರೆ ಮಾಡಿದರೆ ಎರಡು ಸಾಲು. ಒಳಸಾಲಿನ ದಾರಗಳನ್ನು ಸ್ನಾಯುರಜ್ಜುವಿನ ಮೇಲಿಂದ ಅಡ್ಡಹಾಯಿಸಿ ಹೊರಸಾಲಿನ ಆಂಕರಿಗೆ ಬಿಗಿದರೆ ಅದು ಸೂಚರ್ ಬ್ರಿಜ್, ಅಂದರೆ ದಾರದ ಸೇತುವೆ. ಅಟ್ಟೆಯ ಪೆಟ್ಟಿಗೆಗೆ ಹಗ್ಗವನ್ನು ಅಡ್ಡಡ್ಡ ಬಿಗಿದಂತೆ ಇಡೀ ಪಟ್ಟಿ ಮೂಳೆಗೆ ಒತ್ತಿ ಕೂರುತ್ತದೆ.

ಪ್ರಯೋಗಾಲಯದಲ್ಲಿ ಎಳೆದು ನೋಡಿದಾಗ ಎರಡು ಸಾಲಿನ ಹೊಲಿಗೆ ಹೆಚ್ಚು ಬಲ ತಡೆಯುತ್ತದೆ, ಮೂಳೆಯ ಮೇಲೆ ಹೆಚ್ಚು ಜಾಗ ಮುಚ್ಚುತ್ತದೆ. ಆದರೆ ರೋಗಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಸಣ್ಣ ಮತ್ತು ಮಧ್ಯಮ ಹರಕುಗಳಲ್ಲಿ ನೋವು ಮತ್ತು ಕೈಯ ಉಪಯೋಗದ ಮಟ್ಟಿಗೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡಿಲ್ಲ. 3 ಸೆಂ.ಮೀ. ದಾಟಿದ ಹರಕುಗಳಲ್ಲಿ ಎರಡು ಸಾಲಿಗೆ ಅನುಕೂಲ ಇದೆ, ಮತ್ತೆ ಹರಿಯುವುದು ಕಡಿಮೆ. ವೆಚ್ಚದ ಕಡೆಯಿಂದ ನೋಡಿದರೆ ಲೆಕ್ಕ ನೇರ. ಎರಡು ಆಂಕರ್ ಇದ್ದಲ್ಲಿ ನಾಲ್ಕು ಆಗುತ್ತದೆ, ಸಮಯವೂ ಹೆಚ್ಚು. ನಮಗೆ ಬಂದ ಎರಡು ಅಂದಾಜುಗಳ ವ್ಯತ್ಯಾಸದಲ್ಲಿ ದೊಡ್ಡ ಪಾಲು ಆಂಕರುಗಳದ್ದೇ ಆಗಿತ್ತು. ಪಟ್ಟಿಯನ್ನು ಬಿಡಿಸಿ ಬರೆದುಕೊಡಿ ಎಂದು ಕೇಳಿದ ಮೇಲೆಯೇ ಅದು ಗೊತ್ತಾಯಿತು.

ದೊಡ್ಡ ಪರೀಕ್ಷೆ ಏನು ಹೇಳುತ್ತದೆ?

‘ನಮ್ಮ ಪಕ್ಕದ ಮನೆಯವರಿಗೆ ಇದರಿಂದ ಗುಣವಾಯಿತು’ ಎಂಬ ಮಾತಿನ ಮೇಲೆ ತೀರ್ಮಾನ ಮಾಡಬಾರದು ಎಂದು ಸಂಖ್ಯಾಶಾಸ್ತ್ರದ ಸರ್ ಹೇಳುತ್ತಿರುತ್ತಾರೆ. ಒಬ್ಬರ ಅನುಭವ ಮಾದರಿಯಲ್ಲ. ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ವಿಧಾನ, ಇನ್ನೊಂದಕ್ಕೆ ಮತ್ತೊಂದು ವಿಧಾನ ಅನುಸರಿಸಿ, ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು.

ಬ್ರಿಟನ್ನಿನಲ್ಲಿ ಅಂತಹ ಒಂದು ಪರೀಕ್ಷೆ ನಡೆದು 2015ರಲ್ಲಿ ವರದಿ ಬಂತು. 50 ದಾಟಿದ 273 ರೋಗಿಗಳನ್ನು ತೆರೆದ ವಿಧಾನ ಮತ್ತು ಆರ್ತ್ರೋಸ್ಕೋಪಿ ಎಂದು ಹಂಚಲಾಗಿತ್ತು. ಅಳತೆಗೋಲು ಆಕ್ಸ್‌ಫರ್ಡ್ ಭುಜದ ಅಂಕ. ರೋಗಿ 12 ಪ್ರಶ್ನೆಗಳಿಗೆ ಉತ್ತರಿಸಬೇಕು, ಒಟ್ಟು 48 ಅಂಕ, ಹೆಚ್ಚು ಅಂಕ ಬಂದರೆ ಭುಜ ಚೆನ್ನಾಗಿದೆ ಎಂದರ್ಥ. ಆರಂಭದಲ್ಲಿ ಎರಡೂ ಗುಂಪಿನ ಸರಾಸರಿ 25–26ರ ಆಸುಪಾಸು ಇತ್ತು. ಎರಡು ವರ್ಷಗಳ ನಂತರ ಎರಡೂ ಗುಂಪು 41 ದಾಟಿದ್ದವು. ಅಂದರೆ ಎರಡರಿಂದಲೂ ಒಳ್ಳೆಯ ಸುಧಾರಣೆ, ಎರಡೂ ಹೆಚ್ಚುಕಡಿಮೆ ಸಮ.

ಇನ್ನೊಂದು ಅಂಶ ನನಗೆ ಆಶ್ಚರ್ಯ ತಂದಿತು. ಸ್ಕ್ಯಾನ್ ಮಾಡಿದಾಗ ತೆರೆದ ಗುಂಪಿನಲ್ಲಿ ಸುಮಾರು ಶೇ. 39, ಆರ್ತ್ರೋಸ್ಕೋಪಿ ಗುಂಪಿನಲ್ಲಿ ಸುಮಾರು ಶೇ. 46 ರೋಗಿಗಳಲ್ಲಿ ಹೊಲಿಗೆ ಮತ್ತೆ ಹರಿದಿತ್ತು. ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯವಲ್ಲ. ಆದರೆ ಎರಡೂ ಸಂಖ್ಯೆಗಳು ದೊಡ್ಡವು. ಹೊಲಿಗೆ ಕೂಡಿಕೊಂಡವರಿಗೆ ಅತಿ ಹೆಚ್ಚು ಅಂಕ ಬಂದಿತ್ತು. ಮತ್ತೆ ಹರಿದವರಿಗೂ ಮೊದಲಿಗಿಂತ ಎಷ್ಟೋ ಗುಣವಾಗಿತ್ತು. ಹಾಗಾದರೆ ರೋಗಿಯ ಮುಂದಿರುವ ದೊಡ್ಡ ಪ್ರಶ್ನೆ ‘ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ’ ಎಂಬುದಲ್ಲ, ‘ಹೊಲಿದದ್ದು ಮೂಳೆಗೆ ಕೂಡಿಕೊಳ್ಳುತ್ತದೆಯೇ’ ಎಂಬುದು.

ಅದನ್ನು ನಿರ್ಧರಿಸುವ ಅಂಶಗಳು ಇವು: ರೋಗಿಯ ವಯಸ್ಸು, ಹರಕಿನ ಗಾತ್ರ, ಹರಿದು ಎಷ್ಟು ಕಾಲವಾಯಿತು, ಸ್ನಾಯು ಎಷ್ಟರಮಟ್ಟಿಗೆ ಕೊಬ್ಬಾಗಿ ಬದಲಾಗಿದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಬೀಡಿ ಸಿಗರೇಟು ಸೇದುತ್ತಾರೆಯೇ. ಕೊನೆಯ ಎರಡು ನಮ್ಮ ಕೈಯಲ್ಲಿವೆ, ಅವುಗಳಿಗೆ ಆಂಕರಿನ ಖರ್ಚೂ ಇಲ್ಲ.

ಶಸ್ತ್ರಚಿಕಿತ್ಸೆಯೇ ಬೇಕೇ?

ಹೋಲಿಕೆ ಪೂರ್ತಿಯಾಗಬೇಕಾದರೆ ‘ಹೊಲಿಯದಿರುವುದು’ ಎಂಬ ಆಯ್ಕೆಯನ್ನೂ ಸೇರಿಸಬೇಕು. ಫಿನ್ಲೆಂಡಿನಲ್ಲಿ 55 ದಾಟಿದವರ, ಪೆಟ್ಟಿಲ್ಲದೆ ಸವೆದು ಹರಿದ 180 ಭುಜಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಫಿಸಿಯೋಥೆರಪಿ ಮಾತ್ರ, ಎರಡನೆಯದಕ್ಕೆ ಅದರ ಜೊತೆ ಮೇಲಿನ ಮೂಳೆ ಕೆರೆಯುವುದು, ಮೂರನೆಯದಕ್ಕೆ ಹೊಲಿಗೆಯೂ ಸೇರಿ. 2014ರ ವರದಿಯಂತೆ ಒಂದು ವರ್ಷದ ಕೊನೆಯಲ್ಲಿ ಮೂರೂ ಗುಂಪು ಸಮ.

ನಾರ್ವೆಯಲ್ಲಿ 103 ರೋಗಿಗಳ ಮೇಲೆ ನಡೆದ ಪರೀಕ್ಷೆ ಇದಕ್ಕಿಂತ ದೀರ್ಘ. ಅಲ್ಲಿ ಸಣ್ಣ ಮತ್ತು ಮಧ್ಯಮ ಹರಕುಗಳಿಗೆ ಹೊಲಿಗೆ ಮತ್ತು ಫಿಸಿಯೋಥೆರಪಿಯನ್ನು ಹೋಲಿಸಿದರು. ಐದು ವರ್ಷದ ಹೊತ್ತಿಗೆ ವ್ಯತ್ಯಾಸ ಸಣ್ಣದಿತ್ತು. 2019ರಲ್ಲಿ ಪ್ರಕಟವಾದ ಹತ್ತು ವರ್ಷದ ಫಲಿತಾಂಶದಲ್ಲಿ ಹೊಲಿಗೆಯ ಗುಂಪು ಮುಂದಿತ್ತು. ಹೊಲಿಯದೆ ಬಿಟ್ಟವರಲ್ಲಿ ಕೆಲವರ ಹರಕು ವರ್ಷಗಳಲ್ಲಿ ದೊಡ್ಡದಾಗಿತ್ತು.

ಎರಡನ್ನೂ ಸೇರಿಸಿ ಓದಿದರೆ ಅರ್ಥ ಸಿಗುತ್ತದೆ. ವಯಸ್ಸಾದವರ ಸವೆತದ ಹರಕಿಗೆ ಮೊದಲು ವ್ಯಾಯಾಮ ಮಾಡಿಸಿ ನೋಡುವುದು ನ್ಯಾಯ. ಇನ್ನೂ ಬಹುಕಾಲ ದುಡಿಯಬೇಕಾದವರು, ಅಥವಾ ಬಿದ್ದು ಒಮ್ಮೆಲೇ ಹರಿದುಕೊಂಡವರು ಹೊಲಿಗೆಯ ವಿಚಾರವನ್ನು ಬಹಳ ಮುಂದಕ್ಕೆ ಹಾಕಬಾರದು. ಅಬ್ಬಾರಿಗೆ ಆಗ 51. ಮೂರು ತಿಂಗಳು ವ್ಯಾಯಾಮ ಮಾಡಿದರು. ನೋವು ಸ್ವಲ್ಪ ಇಳಿಯಿತು, ಆದರೆ ರಾತ್ರಿ ನಿದ್ದೆ ಬರಲಿಲ್ಲ, ರೋಲರ್ ಎತ್ತಲಾಗಲಿಲ್ಲ.

ಬೃಹತ್ ಹರಕಿನ ಮಾತು ಬೇರೆ. ಸ್ನಾಯು ಬಹುಪಾಲು ಕೊಬ್ಬಾಗಿದ್ದರೆ ಎಳೆದು ತಂದರೂ ಮೂಳೆ ಮುಟ್ಟುವುದಿಲ್ಲ. ಆಗ ಬೆನ್ನಿನ ಸ್ನಾಯುವೊಂದನ್ನು ತಿರುಗಿಸಿ ತಂದು ಜೋಡಿಸುವ ವಿಧಾನವಿದೆ. ವಯಸ್ಸಾದವರಿಗೆ ಕೃತಕ ಕೀಲು ಹಾಕುವುದುಂಟು. ಫ್ರಾನ್ಸಿನ ಪಾಲ್ ಗ್ರಾಮಾಂ 1985ರಲ್ಲಿ ರೂಪಿಸಿದ ಕೀಲಿನಲ್ಲಿ ಗುಂಡು ಇರುವಲ್ಲಿ ಕುಳಿ, ಕುಳಿ ಇರುವಲ್ಲಿ ಗುಂಡು ಬರುತ್ತದೆ. ಆಗ ಡೆಲ್ಟಾಯ್ಡ್ ಒಂದೇ ಕೈ ಎತ್ತಬಲ್ಲದು.

ಅಂದಾಜು ಪಟ್ಟಿಯಲ್ಲಿ ಇಲ್ಲದ ವೆಚ್ಚ

ಆಸ್ಪತ್ರೆಯ ಪಟ್ಟಿಯಲ್ಲಿ ಕೊಠಡಿ, ಔಷಧಿ, ಆಂಕರ್, ವೈದ್ಯರ ಶುಲ್ಕ ಎಲ್ಲಾ ಇರುತ್ತದೆ. ನಾವು ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಇರುವುದಿಲ್ಲ. ಆ ಕಾಲದಲ್ಲಿ ದುಡಿಯಬಹುದಾಗಿದ್ದ ಕೂಲಿಯೇ ಅದು.

ಸ್ನಾಯುರಜ್ಜುವಿಗೆ ರಕ್ತದ ಹರಿವು ಕಡಿಮೆ. ಅದು ಮೂಳೆಗೆ ಕೂಡಿಕೊಳ್ಳಲು ವಾರಗಳಲ್ಲ, ತಿಂಗಳುಗಳು ಬೇಕು. ಯಾವ ಬಾಗಿಲಿನಿಂದ ಹೋದರೂ ಈ ಕಾಲ ಕಡಿಮೆಯಾಗುವುದಿಲ್ಲ. ಸಾಮಾನ್ಯ ವೇಳಾಪಟ್ಟಿ ಹೀಗಿರುತ್ತದೆ:

1. ಮೊದಲ 4ರಿಂದ 6 ವಾರ: ಕೈ ಜೋಳಿಗೆಯಲ್ಲಿ. ಬೆರಳು, ಮೊಣಕೈ ಮಾತ್ರ ಆಡಿಸಬಹುದು. ಭುಜವನ್ನು ಬೇರೆಯವರ ಸಹಾಯದಿಂದ ಮಾತ್ರ ಸರಿಸಬೇಕು.
2. 6ರಿಂದ 12 ವಾರ: ಸ್ವಂತ ಬಲದಿಂದ ನಿಧಾನವಾಗಿ ಕೈ ಎತ್ತುವ ಅಭ್ಯಾಸ. ಭಾರ ಎತ್ತುವಂತಿಲ್ಲ.
3. 12 ವಾರದ ನಂತರ: ರಬ್ಬರ್ ಪಟ್ಟಿ ಎಳೆದು ಬಲ ಹೆಚ್ಚಿಸುವ ವ್ಯಾಯಾಮ.
4. 4ರಿಂದ 6 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು: ಭಾರದ ಕೆಲಸ, ಏಣಿ ಹತ್ತುವ ಕೆಲಸ.

ಆರ್ತ್ರೋಸ್ಕೋಪಿ ಮಾಡಿಸಿಕೊಂಡವರಿಗೆ ನೋವು ಬೇಗ ಕಡಿಮೆಯಾಗುವುದರಿಂದ ‘ಗುಣವಾಯಿತು’ ಎನ್ನಿಸುತ್ತದೆ. ಆದರೆ ಒಳಗಿನ ಕೂಡುವಿಕೆ ಎರಡರಲ್ಲೂ ಅಷ್ಟೇ ನಿಧಾನ. ಜೋಳಿಗೆಯನ್ನು ಬೇಗ ಬಿಚ್ಚಿ ಬಕೆಟ್ ಎತ್ತಿದರೆ ಹೊಲಿಗೆ ಹರಿಯಬಹುದು. ಸಜ್ದಾದಲ್ಲಿ ದೇಹದ ಭಾರ ಕೈಗಳ ಮೇಲೂ ಬೀಳುತ್ತದೆ. ಆದ್ದರಿಂದ ಫಿಸಿಯೋಥೆರಪಿಸ್ಟ್ ಹೇಳಿದಂತೆ ಅಬ್ಬಾ ಮೊದಲ ತಿಂಗಳುಗಳಲ್ಲಿ ಕುರ್ಚಿಯ ಮೇಲೆ ಕೂತು ಇಶಾರೆಯಿಂದ ನಮಾಜ್ ಮಾಡಿದರು.

ಕೊನೆಗೆ ನಾವು ಸಣ್ಣ ಕೊಯ್ತ, ಒಂದು ಸಾಲಿನ ಹೊಲಿಗೆಯನ್ನು ಆರಿಸಿಕೊಂಡೆವು. ಕಾರಣ ಮೂರು: ಹರಕು ಮಧ್ಯಮ ಗಾತ್ರದ್ದು, ಆ ವೈದ್ಯರ ಕೈ ಆ ವಿಧಾನದಲ್ಲೇ ಹೆಚ್ಚು ಪಳಗಿತ್ತು, ಉಳಿದ ಹಣದಲ್ಲಿ ಆರು ತಿಂಗಳ ಫಿಸಿಯೋಥೆರಪಿ ಮತ್ತು ಮನೆಯ ರೇಷನ್ನು ಸಾಗುತ್ತಿತ್ತು. ಈಗ ಐದನೆಯ ತಿಂಗಳು. ಅಬ್ಬಾ ತಾವೇ ಅಂಗಿ ಹಾಕಿಕೊಳ್ಳುತ್ತಾರೆ, ರಾತ್ರಿ ಮಲಗುತ್ತಾರೆ. ಏಣಿ ಇನ್ನೂ ಹತ್ತಿಲ್ಲ. ಇದು ಒಬ್ಬರ ಅನುಭವ, ಮಾದರಿಯಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ದೊಡ್ಡ ಹರಕು ಇದ್ದವರಿಗೆ ದುಬಾರಿ ಹೊಲಿಗೆಯೇ ಸರಿಯಾದ ಲೆಕ್ಕ ಆಗಬಹುದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಬಂದರೆ, ವಿಧಾನದ ಹೆಸರು ಕೇಳುವ ಮೊದಲು ಇವನ್ನು ಕೇಳಿ:

1. ಹರಕು ಎಷ್ಟು ಸೆಂಟಿಮೀಟರ್? ಪೂರ್ತಿ ಹರಿದಿದೆಯೇ, ಅರ್ಧವೇ?
2. ಸ್ನಾಯು ಕೊಬ್ಬಾಗಿದೆಯೇ? ಹೊಲಿದರೆ ಕೂಡಿಕೊಳ್ಳುವ ಸಾಧ್ಯತೆ ಎಷ್ಟು?
3. ಮೊದಲು ಕೆಲವು ವಾರ ವ್ಯಾಯಾಮ ಮಾಡಿ ನೋಡಬಹುದೇ, ಅಥವಾ ತಡ ಮಾಡಿದರೆ ನಷ್ಟವೇ?
4. ನೀವು ಯಾವ ವಿಧಾನದಲ್ಲಿ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದ್ದೀರಿ?
5. ಎಷ್ಟು ಆಂಕರ್, ಒಂದೊಂದರ ಬೆಲೆ ಎಷ್ಟು? ಪಟ್ಟಿಯನ್ನು ಬಿಡಿಸಿ ಬರೆದುಕೊಡುತ್ತೀರಾ?
6. ಎಷ್ಟು ತಿಂಗಳು ಕೆಲಸ ಬಿಡಬೇಕು? ಫಿಸಿಯೋಥೆರಪಿ ಎಲ್ಲಿ, ವಾರಕ್ಕೆ ಎಷ್ಟು ಸಲ?
7. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆ ಸಿಗುತ್ತದೆಯೇ?

ಏಳನೆಯದನ್ನು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಬಳಿ ಕೇಳಬೇಕು. 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಎ.ಪಿ.ಎಲ್. ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಸ್ಪತ್ರೆಗೆ ಸೇರುವ ಮುಂಚೆಯೇ ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ವಿಚಾರಿಸಿ.

ಕಾಡ್‌ಮನ್ ವೈದ್ಯರಿಂದ ಕೇಳಿದ ಲೆಕ್ಕ ರೋಗಿಯ ಮನೆಯವರೂ ಕೇಳಬಹುದಾದ ಲೆಕ್ಕವೇ: ಏನು ಮಾಡಿದಿರಿ, ಒಂದು ವರ್ಷದ ನಂತರ ಏನಾಯಿತು, ಆಗದಿದ್ದರೆ ಏಕೆ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ನಮಗೆ ಉತ್ತರಿಸಿದ ವೈದ್ಯರು ಕಾಗದದ ಮೇಲೆ ಚಿತ್ರ ಬರೆದು, ಅಬ್ಬಾರಿಗೆ ಅರ್ಥವಾಗುವವರೆಗೆ ಎರಡು ಸಲ ಹೇಳಿದರು. ದೊಡ್ಡವರಿಗೆ ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಲು ಸಂಕೋಚವಿರುತ್ತದೆ, ಭಾಷೆಯ ತೊಡಕೂ ಇರುತ್ತದೆ. ಓದು ಕಲಿತ ನಾವು ಅವರ ಜೊತೆ ಹೋಗಿ, ಬರೆದುಕೊಂಡು, ಅವರ ಮಾತಿನಲ್ಲಿ ತಿಳಿಸಿ ಹೇಳೋಣ.